ರಬ್ಬರ್ ಮೀನಿನ ಕೆರೆಯಲ್ಲಿ ಒಂದು ಶನಿವಾರ

ಅಪ್ಪ ಅಮ್ಮ ಅಮೆರಿಕಕ್ಕೆ ಬರ್ತಾರೆ ಅಂದ್ರೆ ನಮ್ಮಂಥ ಮಕ್ಕಳ ಹತ್ರ ಒಂದು ಪಟ್ಟಿ ರೆಡಿ ಇರುತ್ತೆ. ದೇವಸ್ಥಾನ, ಕಾಸ್ಟ್‌ಕೊ, ಹ್ಯೂಸ್ಟನ್‌ನ ನಾಸಾ, ಸ್ಯಾನ್ ಆಂಟೋನಿಯೊದ ರಿವರ್ ವಾಕ್. ನಾವಿರೋದು ಟೆಕ್ಸಸ್‌ನ ಆಸ್ಟಿನ್‌ನಲ್ಲಿ. ತರೀಕೆರೆಯಿಂದ ಅಪ್ಪ ಅಮ್ಮ ಬಂದು ಮೂರು ವಾರ ಆಗೋ ಹೊತ್ತಿಗೆ ಪಟ್ಟಿ ಮುಗಿದೇ ಹೋಯ್ತು. ನಾಲ್ಕನೇ ಶನಿವಾರ ನಾವು ಹೋಗಿದ್ದು ಯಾರ ಪಟ್ಟಿಯಲ್ಲೂ ಇಲ್ಲದ ಜಾಗಕ್ಕೆ. ಸುಮಾರು ಐವತ್ತು ವರ್ಷದ ಹಿಂದೆ, ಒಂದು ಸಿನಿಮಾದಲ್ಲಿ, ರಬ್ಬರ್ ಮೀನುಗಳು ಜನರನ್ನು ಕಚ್ಚಿ ತಿಂದ ಕೆರೆಗೆ!

ಅಲ್ಲಿಗೆ ಹೋಗೋಕೆ ಕಾರಣ ನನ್ನ ನಿದ್ದೆಗೇಡು. ಅಪ್ಪ ಅಮ್ಮ ಬಂದ ಹತ್ತನೇ ದಿನ ನನ್ನ ಕೆಲಸ ಹೋಗಿತ್ತು. ನನ್ನದೊಂದು ಸಣ್ಣ ಕಂಪನಿ. ಅಂಗಡಿಗಳ ಬಿಲ್ಲು, ಸ್ಟಾಕು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡ್ತಿದ್ವಿ. ಇದೇ ಥರದ್ದು ಒಂದು ದೊಡ್ಡ ಕಂಪನಿಯದ್ದು ಆಗಲೇ ಎಲ್ಲ ಕಡೆ ಓಡ್ತಿತ್ತು. 'ನೋಡೋಕೆ ಅವರದ್ದರ ಹಾಗೇ ಇರಲಿ, ಬೆಲೆ ಅರ್ಧ ಇರಲಿ' ಅನ್ನೋದು ನಮಗೆ ಮೇಲಿನಿಂದ ಬಂದ ಸೂಚನೆ. ಮೂರು ವರ್ಷ ಅದನ್ನೇ ಮಾಡಿದೆ. ಒಂದು ಗುರುವಾರ ಹದಿನೈದು ನಿಮಿಷದ ವಿಡಿಯೊ ಕಾಲ್‌ನಲ್ಲಿ ನಮ್ಮ ಇಡೀ ಟೀಮನ್ನು ಮನೆಗೆ ಕಳಿಸಿದರು. ಎಚ್1ಬಿ ವೀಸಾದಲ್ಲಿ ಇರೋರಿಗೆ ಕೆಲಸ ಹೋದ ಮೇಲೆ ಹೊಸದು ಹುಡುಕಿಕೊಳ್ಳೋಕೆ ಸಿಗೋದು ಹೆಚ್ಚೆಂದರೆ 60 ದಿನ.

ವಿಷಯ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ನಾನು ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಲ್ಯಾಪ್‌ಟಾಪ್ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ತಿದ್ದೆ. "ಪಾಪ, ಮೀಟಿಂಗ್‌ನಲ್ಲಿದ್ದಾನೆ" ಅಂತ ಅಮ್ಮ ಮಿಕ್ಸಿ ಕೂಡ ಹಾಕ್ತಿರಲಿಲ್ಲ. ಒಳಗೆ ಕೂತು ಕೆಲಸಕ್ಕೆ ಅರ್ಜಿ ಹಾಕ್ತಿದ್ದ ನನಗೆ ಆ ಮಿಕ್ಸಿ ಸದ್ದಿಲ್ಲದಿರೋದೇ ದೊಡ್ಡ ಹಿಂಸೆ.

ರಾತ್ರಿ ನಿದ್ದೆ ಬರದೆ ಹಾಲ್‌ನಲ್ಲಿ ಕೂತು ಹಳೇ ಸಿನಿಮಾ ಹಾಕಿಕೊಳ್ತಿದ್ದೆ. ಹೀಗೇ ಒಂದು ರಾತ್ರಿ 1978ರ 'ಪಿರಾನಾ' ಓಡ್ತಿತ್ತು. ಅಪ್ಪನಿಗೆ ಎಚ್ಚರವಾಗಿ, ನೀರು ಕುಡಿಯೋಕೆ ಅಂತ ಬಂದವರು ಲೋಟ ಹಿಡಿದುಕೊಂಡೇ ನಿಂತುಬಿಟ್ಟರು.

"ಈ ಮೀನನ್ನ ನಾನು ಬರೆದಿದ್ದೀನಿ ಕಣೋ!"

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು. ಆದರೆ ಕೆಲಸ ಸಿಗೋ ಮೊದಲು, 1980ರ ಆಸುಪಾಸಿನಲ್ಲಿ, ಊರಿನ ಟಾಕೀಸಿಗೆ ಬ್ಯಾನರ್ ಬರೀತಿದ್ದರು. ಬೆಂಗಳೂರಿನಿಂದ ರೀಲಿನ ಡಬ್ಬದ ಜೊತೆ ಚಿಕ್ಕ ಪೋಸ್ಟರ್ ಬರ್ತಿತ್ತಂತೆ. ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಹಾಕಿ, ಬಟ್ಟೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದೇ ಚೌಕವನ್ನು ಇಳಿಸಬೇಕು. ಒಮ್ಮೆ ಮೀನಿನದ್ದೊಂದು ಇಂಗ್ಲಿಷ್ ಸಿನಿಮಾ ಬಂತು. ಮಾಲೀಕರು ಬಂದು ನೋಡಿ, "ಹಲ್ಲು ಸಾಲದು, ಇನ್ನೂ ದೊಡ್ಡದು ಮಾಡು" ಅಂದರಂತೆ. ಅಪ್ಪ ಮೀನಿನ ಬಾಯಿಯನ್ನು ದೋಣಿಗಿಂತ ದೊಡ್ಡದು ಮಾಡಿದರು. ಅದು ಇದೇ ಸಿನಿಮಾನೋ, ಇದರ ಅಣ್ಣನೋ ತಮ್ಮನೋ, ಹೇಳೋದು ಕಷ್ಟ. ಯಾಕಂದ್ರೆ ಆ ಕಾಲದಲ್ಲಿ ಈ ಮೀನಿಗೆ ಅಣ್ಣ ತಮ್ಮಂದಿರು ಬಹಳ.

ಮೂಲಪುರುಷ ಯಾರು ಅಂತ ನಿಮಗೆ ಗೊತ್ತೇ ಇರುತ್ತೆ. 1975ರ ಜೂನ್‌ನಲ್ಲಿ ಬಂದ ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ಜಾಸ್'. ಕಡಲತೀರದ ಊರು, ರಜೆಗೆ ಬಂದ ಜನ, ಒಂದು ದೊಡ್ಡ ಶಾರ್ಕ್. ಅದು ಎಷ್ಟು ದುಡ್ಡು ಮಾಡಿತು ಅಂದ್ರೆ, ಸಣ್ಣ ಬಜೆಟ್ಟಿನ ನಿರ್ಮಾಪಕರೆಲ್ಲ ಯಾವ ಪ್ರಾಣಿ ಸಿಗುತ್ತೆ ಅಂತ ಹುಡುಕೋಕೆ ಶುರು ಮಾಡಿದರು. 1976ರಲ್ಲೇ 'ಗ್ರಿಜ್ಲಿ' ಬಂತು. ಸಮುದ್ರದ ಬದಲು ಕಾಡು, ಶಾರ್ಕ್ ಬದಲು ಕರಡಿ, ಉಳಿದದ್ದೆಲ್ಲ ಹಾಗೇ. ಇಟಲಿಯವರು 1981ರಲ್ಲಿ ನೇರವಾಗಿ ಶಾರ್ಕನ್ನೇ ಇಟ್ಟುಕೊಂಡು ಒಂದು ಸಿನಿಮಾ ತೆಗೆದರು. ಅಮೆರಿಕದಲ್ಲಿ ಅದು 'ಗ್ರೇಟ್ ವೈಟ್' ಅನ್ನೋ ಹೆಸರಿನಲ್ಲಿ ಬಿಡುಗಡೆಯಾದಾಗ 'ಜಾಸ್' ತೆಗೆದ ಯೂನಿವರ್ಸಲ್ ಸಂಸ್ಥೆ ಕೋರ್ಟಿಗೆ ಹೋಗಿ ಚಿತ್ರಮಂದಿರಗಳಿಂದ ತೆಗೆಸಿಬಿಟ್ಟಿತು.

'ಪಿರಾನಾ' ಕೂಡ ಇದೇ ಸಾಲಿನದ್ದು. ರೋಜರ್ ಕಾರ್ಮನ್ ಅವರ ನ್ಯೂ ವರ್ಲ್ಡ್ ಪಿಕ್ಚರ್ಸ್ 'ಜಾಸ್'ನ ಖರ್ಚಿನ ಹತ್ತನೇ ಒಂದು ಭಾಗವೂ ಇಲ್ಲದ ದುಡ್ಡಿನಲ್ಲಿ ತೆಗೆದದ್ದು. ಆ ರಾತ್ರಿ ಅಪ್ಪ ಕೂತು ಕೊನೆವರೆಗೂ ನೋಡಿದರು, ನಾನು ಕನ್ನಡದಲ್ಲಿ ಕಥೆ ಹೇಳ್ತಾ ಹೋದೆ. ಕೊನೆಯ ಭಾಗದಲ್ಲಿ ಒಂದು ರೆಸಾರ್ಟು, ದೊಡ್ಡ ತಿಳಿನೀರಿನ ಕೊಳ. ಇದೆಲ್ಲಿ ತೆಗೆದದ್ದು ಅಂತ ಫೋನಿನಲ್ಲಿ ಹುಡುಕಿದರೆ, ಸ್ಯಾನ್ ಮಾರ್ಕೋಸ್! ನಮ್ಮ ಮನೆಯಿಂದ ಐವತ್ತು ಕಿಲೋಮೀಟರು ಚಿಲ್ಲರೆ. "ಶನಿವಾರ ಹೋಗೋಣ" ಅಂದರು ಅಪ್ಪ. ನಾಸಾಗೆ ಹೋಗುವಾಗ ಕೂಡ ಅವರು ಇಷ್ಟು ಉತ್ಸಾಹ ತೋರಿಸಿರಲಿಲ್ಲ.

ಹೆದ್ದಾರಿ 35ರಲ್ಲಿ ದಕ್ಷಿಣಕ್ಕೆ ಮುಕ್ಕಾಲು ಗಂಟೆ. ಅಮ್ಮ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡಿದ್ದರು. ಸ್ಯಾನ್ ಮಾರ್ಕೋಸ್ ಒಂದು ಯೂನಿವರ್ಸಿಟಿ ಊರು. ಪೇಟೆ ಬೀದಿ ದಾಟಿ ಸ್ವಲ್ಪ ದೂರ ಹೋದರೆ ಗುಡ್ಡದ ಬುಡದಲ್ಲಿ ಸ್ಪ್ರಿಂಗ್ ಲೇಕ್. ಕೆರೆ ಅಂತಾರೆ, ಆದರೆ ನಮ್ಮ ಕೆರೆಗಳ ಹಾಗೆ ಮಳೆನೀರು ಹರಿದು ಬಂದು ತುಂಬಿದ್ದಲ್ಲ. ನೆಲದೊಳಗಿನ ಸುಣ್ಣಕಲ್ಲಿನ ಪದರದಿಂದ 200ಕ್ಕೂ ಹೆಚ್ಚು ಕಡೆ ನೀರು ಉಕ್ಕುತ್ತೆ. ವರ್ಷವಿಡೀ ನೀರಿನ ಉಷ್ಣತೆ ಹೆಚ್ಚುಕಡಿಮೆ 22 ಡಿಗ್ರಿ ಸೆಲ್ಸಿಯಸ್. ಇಲ್ಲಿಂದಲೇ ಸ್ಯಾನ್ ಮಾರ್ಕೋಸ್ ನದಿ ಹುಟ್ಟೋದು. ಹತ್ತು ಸಾವಿರ ವರ್ಷಕ್ಕೂ ಹಿಂದಿನ ಜನರ ಕಲ್ಲಿನ ಆಯುಧಗಳು ಈ ಕೆರೆಯಲ್ಲಿ ಸಿಕ್ಕಿವೆ. "ನೀರಿದ್ದ ಕಡೆ ಊರು, ಇನ್ನೇನು" ಅಂದರು ಅಮ್ಮ.

ಇದನ್ನು ಪ್ರವಾಸಿ ತಾಣ ಮಾಡಿದ್ದು ಕಳೆದ ಶತಮಾನದಲ್ಲಿ. 1929ರಲ್ಲಿ ದಡದ ಮೇಲೊಂದು ಹೋಟೆಲ್ ಬಂತು. 1940ರ ದಶಕದಲ್ಲಿ ಗಾಜಿನ ತಳದ ದೋಣಿಗಳು ಬಂದವು. ಆಮೇಲೆ 'ಅಕ್ವರೀನಾ ಸ್ಪ್ರಿಂಗ್ಸ್' ಅನ್ನೋ ಹೆಸರಿನಲ್ಲಿ ದೊಡ್ಡ ಪಾರ್ಕೇ ಆಯಿತು. ನೀರೊಳಗೆ ಮುಳುಗುವ ಒಂದು ಥಿಯೇಟರ್ ಇತ್ತು. ಪ್ರೇಕ್ಷಕರು ಒಳಗೆ ಕೂತ ಮೇಲೆ ಅದು ಕೆಳಗಿಳಿದು, ಕಿಟಕಿ ನೀರಿನ ಮಟ್ಟಕ್ಕಿಂತ ಕೆಳಗೆ ಬರ್ತಿತ್ತು. ಹೊರಗೆ ಹುಡುಗಿಯರು ಉಸಿರು ಬಿಗಿಹಿಡಿದು, ನೀರಿನೊಳಗೇ ಪಿಕ್‌ನಿಕ್ ಮಾಡುವ ಹಾಗೆ ತಿಂದು ಕುಡಿದು ತೋರಿಸ್ತಿದ್ದರು. ಜೊತೆಗೆ ರಾಲ್ಫ್ ಅನ್ನೋ ಹೆಸರಿನ, ನೀರಿಗೆ ಹಾರಿ ಈಜುವ ಹಂದಿ! ಇಂಥ ಜಾಗ ರೆಡಿಯಾಗಿ ಸಿಕ್ಕಿದರೆ ಕಡಿಮೆ ದುಡ್ಡಿನ ಸಿನಿಮಾದವರು ಬಿಡ್ತಾರಾ? ಸೆಟ್ ಹಾಕೋ ಖರ್ಚೇ ಇಲ್ಲ.

1994ರಲ್ಲಿ ಯೂನಿವರ್ಸಿಟಿ ಈ ಜಾಗ ಕೊಂಡಿತು. ಎರಡು ವರ್ಷಕ್ಕೆ ಪಾರ್ಕು ಮುಚ್ಚಿತು. ಮುಳುಗುವ ಥಿಯೇಟರನ್ನು 2012ರಲ್ಲಿ ತೆಗೆದುಹಾಕಿದರು. ಈಗ ಆ ಹಳೇ ಹೋಟೆಲಿನಲ್ಲಿ ನೀರು ಮತ್ತು ಪರಿಸರದ ಅಧ್ಯಯನ ಕೇಂದ್ರವಿದೆ. ಉಳಿದಿರೋದು ಗಾಜಿನ ತಳದ ದೋಣಿಗಳು. ಟಿಕೆಟ್ ತಗೊಂಡು ನಾವು ನಾಲ್ಕು ಜನ ಹತ್ತಿದ್ವಿ. ಮಧ್ಯೆ ಗಾಜು, ಸುತ್ತ ಬೆಂಚು. ದೋಣಿ ನಡೆಸುವ ಹುಡುಗಿ ಅಲ್ಲಿನ ವಿದ್ಯಾರ್ಥಿನಿ.

ಗಾಜಿನ ಕೆಳಗೆ ನೋಡಿದಾಗ ಅಮ್ಮ "ಅಯ್ಯೋ, ಕುದೀತಿದೆ!" ಅಂದರು. ತಳದಲ್ಲಿ ಮರಳು ನಿಜಕ್ಕೂ ರವೆ ಗಂಜಿಯ ಹಾಗೆ ಕೊತಕೊತ ಅಂತಿತ್ತು. ಅದೇ ಒರತೆಯ ಬಾಯಿ. ನೀರು ಎಷ್ಟು ತಿಳಿ ಅಂದ್ರೆ ಆಮೆಯ ಕಾಲುಗುರು ಕಾಣ್ತಿತ್ತು. ಮೊಸಳೆಯ ಹಾಗೆ ಉದ್ದ ಮೂತಿಯ, ಹಲ್ಲು ತುಂಬಿದ ಒಂದು ಮೀನು ಅಲ್ಲಾಡದೆ ನಿಂತಿತ್ತು. ಗಾರ್ ಅಂತ ಅದರ ಹೆಸರು. ಅಪ್ಪ ಬಗ್ಗಿ ಬಗ್ಗಿ ನೋಡಿದರು. "ಇದನ್ನೇ ಹಾಕಿಕೊಂಡಿದ್ರೆ ಆಗ್ತಿತ್ತಲ್ಲ, ರಬ್ಬರ್ ಯಾಕೆ?"

ರಬ್ಬರ್ ಯಾಕೆ ಅಂದ್ರೆ, ಸಿನಿಮಾದ ಮೀನು ಕಚ್ಚಬೇಕಲ್ಲ! ನಿಜವಾದ ಪಿರಾನಾ ದಕ್ಷಿಣ ಅಮೆರಿಕದ್ದು. ಅದಕ್ಕೆ ರಾಕ್ಷಸ ಅನ್ನೋ ಹೆಸರು ಅಂಟಿಸಿದವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುಖ್ಯರು. 1914ರಲ್ಲಿ ಅವರು ಬರೆದ ಬ್ರೆಜಿಲ್ ಪ್ರವಾಸದ ಪುಸ್ತಕ ಓದಿ ಜನ ಹೆದರಿದರು. ಅಸಲಿಗೆ ಅವು ಮನುಷ್ಯರನ್ನು ಕಂಡರೆ ದೂರ ಹೋಗೋದೇ ಹೆಚ್ಚು. ಅದರ ದಾಯಾದಿ ಪಾಕುವನ್ನು ನಾವೇ ತಿಂತೀವಿ. ನಮ್ಮ ಮೀನು ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಅಂತ ಸಿಗುತ್ತಲ್ಲ, ಅದೇ. ಇದನ್ನು ಹೇಳಿದಾಗ ಅಮ್ಮ, "ಮೊದಲೇ ಹೇಳಬಾರದಿತ್ತಾ" ಅಂತ ಮುಖ ಕಿವುಚಿದರು. ಹಾಗಾಗಿ ಸಿನಿಮಾದವರು ರಬ್ಬರಿನ ಮೀನು ಮಾಡಿ, ಕಡ್ಡಿಗೆ ಸಿಕ್ಕಿಸಿ, ನೀರೊಳಗೆ ಜನ ಹಿಡಿದು ಅಲ್ಲಾಡಿಸಿದರು.

ದೋಣಿಯ ಹುಡುಗಿ ನೀರಲ್ಲಿ ಜಡೆಯ ಹಾಗೆ ತೇಲುವ ಒಂದು ಹುಲ್ಲು ತೋರಿಸಿದಳು. ಅದು ಟೆಕ್ಸಸ್‌ನ ಕಾಡು ಭತ್ತ. ಭೂಮಿಯ ಮೇಲೆ ಈ ನದಿಯ ಮೇಲ್ಭಾಗದ ಕೆಲವೇ ಕಿಲೋಮೀಟರು ಬಿಟ್ಟರೆ ಬೇರೆಲ್ಲೂ ಇಲ್ಲ. ಇಲ್ಲಿ ಇನ್ನೊಂದು ಮೀನಿತ್ತು, ಸ್ಯಾನ್ ಮಾರ್ಕೋಸ್ ಗ್ಯಾಂಬೂಸಿಯಾ. ಬೆರಳಿನಷ್ಟೂ ಉದ್ದವಿಲ್ಲದ ಪುಟ್ಟ ಮೀನು, ಅದೂ ಇಲ್ಲಿ ಮಾತ್ರ ಇದ್ದದ್ದು. ಕೊನೆಯದಾಗಿ ಕಂಡದ್ದು 1983ರಲ್ಲಿ. 2023ರಲ್ಲಿ ಅಮೆರಿಕ ಸರ್ಕಾರ ಅದು ನಿರ್ನಾಮವಾಯಿತು ಅಂತ ಘೋಷಿಸಿತು. ಅಂದ್ರೆ ಇಲ್ಲಿ ರಬ್ಬರ್ ಮೀನಿನ ಸಿನಿಮಾ ತೆಗೆಯುವಾಗ ಆ ನಿಜವಾದ ಮೀನು ಇನ್ನೂ ಇದೇ ನೀರಲ್ಲಿ ಇತ್ತು.

ಈಗ ಈ ನದಿಗೆ ಕಾಟ ಕೊಡೋದು ಸಕ್ಕರ್ ಮೀನು. ಅಕ್ವೇರಿಯಮ್ಮಿನ ಗಾಜು ನೆಕ್ಕಿ ಚೊಕ್ಕಟ ಮಾಡುತ್ತೆ ಅಂತ ತಂದು, ದೊಡ್ಡದಾದ ಮೇಲೆ ಯಾರೋ ನದಿಗೆ ಬಿಟ್ಟದ್ದು ಸಾವಿರವಾಗಿದೆ. ನಮ್ಮ ಆಂಧ್ರ, ಕೇರಳದ ನೀರಿನಲ್ಲೂ ಇದೇ ಕಥೆ. ತಮಾಷೆ ನೋಡಿ, 'ಪಿರಾನಾ'ದ ಕಥೆಯೂ ಇದೇ. ವಿಯೆಟ್ನಾಂ ಯುದ್ಧದಲ್ಲಿ ಶತ್ರುಗಳ ನದಿಗೆ ಬಿಡೋಕೆ ಅಂತ ಸೈನ್ಯ ಗುಟ್ಟಾಗಿ ಬೆಳೆಸಿದ ಮೀನು. ಯುದ್ಧ ಮುಗಿದರೂ ಮೀನು ಉಳಿದಿದೆ. ಕಾಣೆಯಾದ ಹುಡುಗ ಹುಡುಗಿಯನ್ನು ಹುಡುಕಿಕೊಂಡು ಬಂದ ನಾಯಕ ನಾಯಕಿಯೇ, ಗೊತ್ತಿಲ್ಲದೆ ಆ ಕೊಳದ ನೀರು ಬಿಟ್ಟು, ಅವನ್ನು ಊರಿನ ನದಿಗೆ ಹರಿಸ್ತಾರೆ.

ಇಷ್ಟನ್ನು ಅಪ್ಪನಿಗೆ ಹೇಳ್ತಿದ್ದಾಗ ಅವರು ಒಂದು ಪ್ರಶ್ನೆ ಕೇಳಿದರು. "ಅವರಿಗೆ ಕೇಸ್ ಹಾಕಲಿಲ್ವಾ? ಆ ಇಟಲಿಯವರಿಗೆ ಹಾಕಿದ ಹಾಗೆ?"

ಹಾಕಬೇಕು ಅಂತಲೇ ಇದ್ದರು. 1978ರ ಅದೇ ಬೇಸಿಗೆಯಲ್ಲಿ ಯೂನಿವರ್ಸಲ್‌ನವರ 'ಜಾಸ್ 2' ಕೂಡ ಬರೋದಿತ್ತು. ಆದರೆ 'ಪಿರಾನಾ' ನೋಡಿದ ಸ್ಪಿಲ್‌ಬರ್ಗ್ ಅವರಿಗೇ ಅದು ಇಷ್ಟವಾಗಿ, ಸಂಸ್ಥೆ ಸುಮ್ಮನಾಯಿತು. ಮುಂದೆ ಅದರ ನಿರ್ದೇಶಕ ಜೋ ಡಾಂಟೆ 1984ರಲ್ಲಿ ಮಾಡಿದ 'ಗ್ರೆಮ್ಲಿನ್ಸ್'ಗೆ ಸ್ಪಿಲ್‌ಬರ್ಗ್ ಅವರೇ ಬೆನ್ನಿಗೆ ನಿಂತರು. ಚಿತ್ರಕಥೆ ಬರೆದ ಜಾನ್ ಸೇಲ್ಸ್‌ಗೆ ಇದು ಮೊದಲ ಸಿನಿಮಾ. ಹೀಗೆ ಬರೆದು ಸಂಪಾದಿಸಿದ ದುಡ್ಡಿನಲ್ಲೇ ಅವರು ತಮ್ಮದೇ ಸಣ್ಣ ಸಿನಿಮಾ ನಿರ್ದೇಶಿಸಿದರು. ಆಮೇಲೆ ಎರಡು ಸಲ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಪಡೆದರು. ಮೀನಿನ ಸಿನಿಮಾದ ಲ್ಯಾಬ್ ದೃಶ್ಯದಲ್ಲಿ, ಮೀನೋ ಹಲ್ಲಿಯೋ ಗೊತ್ತಾಗದ ಒಂದು ಪುಟ್ಟ ಪ್ರಾಣಿ ಎರಡು ಕಾಲಲ್ಲಿ ನಡೆದು ಹೋಗುತ್ತೆ. ಕಥೆಗೆ ಅದರ ಅಗತ್ಯವೇ ಇಲ್ಲ, ಅದೇನು ಅಂತ ಯಾರೂ ವಿವರಿಸೋದೂ ಇಲ್ಲ. ಅದನ್ನು ಮಾಡಿದ ಫಿಲ್ ಟಿಪೆಟ್ 15 ವರ್ಷದ ನಂತರ 'ಜುರಾಸಿಕ್ ಪಾರ್ಕ್'ನ ಡೈನೋಸಾರ್‌ಗಳ ಕೆಲಸಕ್ಕೆ ಆಸ್ಕರ್ ಪಡೆದರು. ಇನ್ನು ನಿರ್ಮಾಪಕ ಕಾರ್ಮನ್ ಓದಿದ್ದು ನನ್ನ ಹಾಗೇ ಎಂಜಿನಿಯರಿಂಗ್. ಒಂದು ಮೋಟಾರ್ ಕಂಪನಿಗೆ ಸೇರಿ, ನಾಲ್ಕೇ ದಿನಕ್ಕೆ ಬಿಟ್ಟು ಬಂದವರು!

"ಅವರಾಗೇ ಬಿಟ್ಟರಾ, ಇಲ್ಲ ತೆಗೆದು ಹಾಕಿದರಾ?" ಅಂದರು ಅಪ್ಪ. ನಗ್ತಾ ಕೇಳಿದ್ದು.

ನಾನು ಗಾಜಿನ ಕಡೆ ನೋಡ್ತಾ ಹೇಳಿಬಿಟ್ಟೆ. "ಅವರಾಗೇ ಬಿಟ್ಟರು. ನನ್ನನ್ನ ತೆಗೆದು ಹಾಕಿದರು ಅಪ್ಪ. ಎರಡು ವಾರ ಆಯ್ತು."

ದೋಣಿ ಇನ್ನೊಂದು ಒರತೆಯ ಮೇಲೆ ನಿಂತಿತ್ತು. ಎದುರು ಬೆಂಚಿನಲ್ಲಿ ಅಮ್ಮ ಕಾಡು ಭತ್ತದಲ್ಲಿ ಅಕ್ಕಿ ಆಗುತ್ತಾ ಅಂತ ನನ್ನ ಹೆಂಡತಿಯ ಮೂಲಕ ಹುಡುಗಿಯನ್ನು ಕೇಳಿಸ್ತಿದ್ದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟು ದಿನ ಇದೆ?" ಅಂದರು.

"ನಲವತ್ತಾರು."

"ಏನು ಕೆಲಸ ಮಾಡ್ತಿದ್ದೆ ಅಂತ ನೀನು ಯಾವತ್ತೂ ಸರಿಯಾಗಿ ಹೇಳಲೇ ಇಲ್ಲ."

ಹೇಳೋಕೆ ನಾಚಿಕೆ ಇತ್ತು. ಬೇರೆಯವರದ್ದನ್ನು ನೋಡಿಕೊಂಡು ಅದರ ಹಾಗೇ ಮಾಡೋದು, ಅಷ್ಟೇ ನನ್ನ ಕೆಲಸ ಅಂದೆ. ಅಪ್ಪ ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬ್ಯಾನರ್ ವಿಷಯ ತೆಗೆದರು. "ನಾನೂ ಅದನ್ನೇ ಮಾಡಿದ್ದು ಕಣೋ. ಚೌಕ ಹಾಕಿ ಇಳಿಸಿದರೆ ಮೂಗು ಮೂಗಿನ ಜಾಗದಲ್ಲೇ ಬರುತ್ತೆ. ಕಣ್ಣು ಮಾತ್ರ ಬರಲ್ಲ. ಅಷ್ಟು ಚಿಕ್ಕ ಪೋಸ್ಟರಿನಲ್ಲಿ ಕಣ್ಣು ಅಂದ್ರೆ ಒಂದು ಚುಕ್ಕೆ. ಬ್ಯಾನರಿನಲ್ಲಿ ಅದು ತಟ್ಟೆಯಷ್ಟು ಆಗಬೇಕು. ಅಲ್ಲಿ ಏನು ಬರೀಬೇಕು ಅಂತ ಪೋಸ್ಟರ್ ಹೇಳಲ್ಲ. ಅದನ್ನ ನಾನೇ ಬರೀಬೇಕಿತ್ತು. ಕೆಲವರು ಬರೀ ಕಪ್ಪು ಬಳಿದು ದುಡ್ಡು ಇಸ್ಕೊಂಡು ಹೋಗ್ತಿದ್ದರು. ನಿನ್ನದರಲ್ಲಿ ಕಣ್ಣು ಯಾವುದು?"

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ದೋಣಿ ಇಳಿದು, ನದಿ ದಡದ ಪಾರ್ಕಿನಲ್ಲಿ ಚಿತ್ರಾನ್ನ ತಿನ್ನುವಾಗ ನೆನಪಾಯಿತು. ಹಳ್ಳಿ ಕಡೆಯ ಅಂಗಡಿಗಳಲ್ಲಿ ಇಂಟರ್ನೆಟ್ ಹೋದರೆ ಆ ದೊಡ್ಡ ಕಂಪನಿಯ ಸಾಫ್ಟ್‌ವೇರಿನಲ್ಲಿ ಬಿಲ್ ಮಾಡೋಕಾಗ್ತಿರಲಿಲ್ಲ. ನಾನು ನಮ್ಮದರಲ್ಲಿ, ಯಾರೂ ಕೇಳದಿದ್ದರೂ, ನೆಟ್ ಇಲ್ಲದಾಗಲೂ ಬಿಲ್ ಆಗಿ, ನೆಟ್ ಬಂದ ಮೇಲೆ ಎಲ್ಲ ಸರಿಹೊಂದುವ ಹಾಗೆ ಮಾಡಿದ್ದೆ. ಆರು ವಾರ ಹಿಡಿದಿತ್ತು. ದನಕರುಗಳ ಮೇವು ಮಾರುವ ಒಬ್ಬ ಅಜ್ಜ, ಬಿರುಗಾಳಿಯಿಂದ ಮೂರು ದಿನ ನೆಟ್ ಇಲ್ಲದಿದ್ದಾಗಲೂ ವ್ಯಾಪಾರ ನಿಲ್ಲಲಿಲ್ಲ ಅಂತ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದ. ಅಪ್ಪನಿಗೆ ಇದನ್ನು ಹೇಳಿದೆ. "ಮತ್ತೆ? ಅದನ್ನ ಮೊದಲು ಹೇಳಬೇಕು ತಾನೇ" ಅಂದರು.

ಅಮ್ಮನಿಗೂ ಅಲ್ಲೇ ಗೊತ್ತಾಯಿತು. ಸ್ವಲ್ಪ ಅತ್ತರು. ಆಮೇಲೆ, "ಎರಡು ವಾರ ಚಟ್ನಿ ಪುಡಿಯಲ್ಲೇ ಕಳೆದ್ವಿ, ಸುಮ್ಮನೆ ಮಿಕ್ಸಿ ಹಾಕದೆ" ಅಂತ ಬೈದರು. ಎದುರಿನ ನದಿಯಲ್ಲಿ ಕಾಲೇಜು ಹುಡುಗರು ಟ್ಯೂಬಿನ ಮೇಲೆ ಮಲಗಿ, ಕೈಕಾಲು ನೀರಿಗೆ ಇಳಿಬಿಟ್ಟು ತೇಲಿ ಹೋಗ್ತಿದ್ದರು, ಸಿನಿಮಾದಲ್ಲಿ ಮೀನು ಬರೋ ಮುಂಚೆ ತೇಲುವ ಜನರ ಹಾಗೇ. ಅಪ್ಪ ನನ್ನ ಹೆಂಡತಿಯ ಹತ್ರ ಪೆನ್ನು ಇಸ್ಕೊಂಡು, ಟಿಕೆಟ್ಟಿನ ಹಿಂದೆ ಆ ಗಾರ್ ಮೀನು ಬರೆದರು. ಹಲ್ಲು ಇದ್ದಷ್ಟೇ ದೊಡ್ಡದು. ಕಣ್ಣಿಗೆ ಮಾತ್ರ ಬಹಳ ಹೊತ್ತು ತಗೊಂಡರು.

ಇದನ್ನು ಬರೆಯುವ ಹೊತ್ತಿಗೆ ನನಗೆ ಉಳಿದಿರೋದು 29 ದಿನ. ಮೂರು ಇಂಟರ್‌ವ್ಯೂ ಆಗಿವೆ, ಒಂದು ಕಡೆ ಎರಡನೇ ಸುತ್ತಿಗೆ ಕರೆದಿದ್ದಾರೆ. ಏನು ಕೆಲಸ ಮಾಡ್ತಿದ್ದಿರಿ ಅಂತ ಕೇಳಿದಾಗ ಮೇವಿನಂಗಡಿ ಅಜ್ಜನಿಂದಲೇ ಶುರು ಮಾಡಿದೆ. ಸಿಗದಿದ್ದರೆ ಅಪ್ಪ ಅಮ್ಮನ ಜೊತೆಗೇ ನಾವೂ ಟಿಕೆಟ್ ಮಾಡಿಸ್ತೀವಿ. ಮನೆಯಲ್ಲಿ ಈಗ ಬೆಳಿಗ್ಗೆ ಏಳಕ್ಕೇ ಮಿಕ್ಸಿ ಓಡುತ್ತೆ.

ಆಸ್ಟಿನ್ ಕಡೆ ಬಂದರೆ ಸ್ಯಾನ್ ಮಾರ್ಕೋಸ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಸ್ಪ್ರಿಂಗ್ ಲೇಕ್‌ನಲ್ಲಿ ಸುಮ್ಮನೆ ಇಳಿದು ಈಜೋಕೆ ಬಿಡಲ್ಲ, ಈಜಬೇಕಿದ್ದರೆ ಕೆಳಗಡೆ ನದಿಯ ಪಾರ್ಕುಗಳಿವೆ. ದೋಣಿಯಲ್ಲಿ ವಯಸ್ಸಾದವರಿಗೂ ತೊಂದರೆ ಇಲ್ಲ. ಹೋಗೋ ಮುಂಚೆ ಆ ಮೀನಿನ ಸಿನಿಮಾ ನೋಡಿ. ರಕ್ತ ಜಾಸ್ತಿ, ಚಿಕ್ಕ ಮಕ್ಕಳು ಮಲಗಿದ ಮೇಲೆ ಹಾಕಿ. ಮತ್ತೆ ಆ ಲ್ಯಾಬ್ ದೃಶ್ಯ ಬಂದಾಗ ಎದ್ದು ಹೋಗಬೇಡಿ, ನಡೆದು ಹೋಗೋ ಆ ಪುಟ್ಟ ಪ್ರಾಣಿ ತಪ್ಪಿಹೋಗುತ್ತೆ.